ಇರಾನಿನಲ್ಲಿ ಸಿಗದ ಇರಾನಿ ಚಹಾ

ಉಪನ್ಯಾಸ ಮುಗಿದ ಮೇಲೆ ಚಹಾ ಇದೆ ಎಂದು ಕಾರ್ಯದರ್ಶಿಗಳು ಆಗಲೇ ಹೇಳಿಬಿಟ್ಟಿದ್ದಾರೆ. ಇನ್ನು ನೀವು ಎಷ್ಟು ಹೊತ್ತು ಕೂರುತ್ತೀರಿ ಎಂಬುದು ನನಗೆ ಗೊತ್ತು. ಹಾಗಾಗಿ ಚಹಾದಿಂದಲೇ ಶುರು ಮಾಡುತ್ತೇನೆ.

ಈ ಹೈದರಾಬಾದಿನ ಇರಾನಿ ಚಾಯ್ ಇರಾನಿನಲ್ಲಿ ಸಿಗುವುದಿಲ್ಲ. ಅಲ್ಲಿಯವರು ಹಾಲು ಬೆರೆಸದ ಕೆಂಪು ಚಹಾವನ್ನು ಪುಟ್ಟ ಗಾಜಿನ ಲೋಟದಲ್ಲಿ ಕುಡಿಯುತ್ತಾರೆ, ಸಕ್ಕರೆ ಹರಳನ್ನು ಹಲ್ಲಿನ ನಡುವೆ ಕಚ್ಚಿಕೊಂಡು. ಇರಾನಿನ ಯಜ್ದ್ ಮುಂತಾದ ಒಣಭೂಮಿಯಿಂದ ಹೊರಟು ಮುಂಬೈಯಲ್ಲಿ ಇಳಿದವರಲ್ಲಿ ಕೆಲವರು ಮುಂದೆ ನಿಜಾಮರ ರಾಜಧಾನಿಗೆ ಬಂದರು. ಅವರಿಗೆ ಇದು ತೀರ ಪರಕೀಯ ಊರಲ್ಲ. 1880ರ ದಶಕದವರೆಗೂ ಇಲ್ಲಿನ ದಫ್ತರಗಳ ಭಾಷೆ ಫಾರ್ಸಿಯೇ ಆಗಿತ್ತು. ಬಂದವರು ಬೀದಿಯ ಮೂಲೆಯ ಮಳಿಗೆ ಹಿಡಿದರು. ಮೂಲೆ ಅಂಗಡಿ ಅಪಶಕುನವೆಂದು ಇಲ್ಲಿನ ವ್ಯಾಪಾರಿಗಳು ಬಿಟ್ಟಿದ್ದರಂತೆ. ನಮ್ಮ ವಾಸ್ತು ಅವರ ಗಲ್ಲಾಪೆಟ್ಟಿಗೆಗೆ ಒಲಿಯಿತು.

ಆದರೆ ಹಾಲಿಲ್ಲದ ಚಹಾ ಹೈದರಾಬಾದಿಗರಿಗೆ ಹಿಡಿಸೀತೆ? ಹಾಲು ಸೇರಿತು, ಆದರೆ ನಮ್ಮ ಮನೆಗಳಲ್ಲಿ ಸೇರುವ ಹಾಗಲ್ಲ. ಚಹಾಪುಡಿಯ ಡಿಕಾಕ್ಷನ್ ಮುಚ್ಚಿದ ಹಂಡೆಯಲ್ಲಿ, ಬಿರಿಯಾನಿಯ ಹಾಗೆ ದಮ್ಮಿನಲ್ಲಿ ಹೊತ್ತುಗಟ್ಟಲೆ ಬೇಯುತ್ತದೆ. ಬೇರೆ ಪಾತ್ರೆಯಲ್ಲಿ ಹಾಲು ಕುದ್ದು ಕುದ್ದು ಕೆನೆಗಟ್ಟುತ್ತದೆ. ಎರಡೂ ಭೇಟಿಯಾಗುವುದು ಕಪ್ಪಿನಲ್ಲೇ. ಹಾಲು ಜಾಸ್ತಿ ಬೇಕೆನ್ನುವವರು ‘ಪೌನಾ’ ಎನ್ನುತ್ತಾರೆ. ಇನ್ನು ಸಕ್ಕರೆಯಲ್ಲಿ ಚಮಚ ನೆಟ್ಟಗೆ ನಿಲ್ಲಬೇಕು ಎನ್ನುವ ‘ಖಡೇ ಚಮಚ್’ ಚಾಯ್ ಒಂದಿತ್ತು. ಅದನ್ನು ಇಂದು ವೈದ್ಯರಿಗೆ ಕೇಳಿಸದ ಹಾಗೆ ಹೇಳಬೇಕು. ಜೊತೆಗೆ ಸಿಹಿ-ಉಪ್ಪಿನ ಉಸ್ಮಾನಿಯಾ ಬಿಸ್ಕತ್ತು. ಅದಕ್ಕೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು.

ಅಬಿಡ್ಸ್‌ನ ಗ್ರ್ಯಾಂಡ್ ಹೋಟೆಲ್ 1935ರದು, ಇರಾನಿಯರೇ ಕೂಡಿ ಕಟ್ಟಿದ್ದು. ಸಿಕಂದರಾಬಾದಿನ ಪ್ಯಾರಡೈಸ್ 1953ರಲ್ಲಿ ಸಿನಿಮಾ ಮಂದಿರದ ಪಕ್ಕದ ಚಹಾದಂಗಡಿಯಾಗಿ ಹುಟ್ಟಿತು. ಈಗ ಅಲ್ಲಿಗೆ ಹೋಗುವವರು ಕೇಳುವುದು ಬಿರಿಯಾನಿಯನ್ನು. ಅದೇ 1953ರಲ್ಲಿ ಸಿಂಧಿನಿಂದ ಬಂದ ಖಾನಚಂದ್ ರಾಮನಾನಿ ಮೊಅಜ್ಜಂಜಾಹಿ ಮಾರ್ಕೆಟ್ಟಿನಲ್ಲಿ ಬೇಕರಿ ತೆರೆದು ಬಿಟ್ಟುಬಂದ ಊರಿನ ಹೆಸರಿಟ್ಟರು: ಕರಾಚಿ. 2019ರಲ್ಲಿ, ಪುಲ್ವಾಮಾ ದಾಳಿಯ ಬೆನ್ನಿಗೆ, ಬೆಂಗಳೂರಿನ ಇಂದಿರಾನಗರದ ಅವರ ಅಂಗಡಿಯಲ್ಲಿ ಆ ಹೆಸರಿನ ಮೇಲೆ ಬಟ್ಟೆ ಮುಚ್ಚಬೇಕಾಯಿತು. ದೇಶ ಕಳೆದುಕೊಂಡು ಇತ್ತ ಬಂದವನ ನೆನಪನ್ನೇ ಜನ ಶತ್ರುವೆಂದು ಓದಿಕೊಂಡರು. ಬಿಸ್ಕತ್ತು ಮಾತ್ರ ಹೈದರಾಬಾದಿನದೇ.

ವಂಶದ ವ್ಯಾಪಾರ ಎಂದರೆ ಅಪ್ಪನಿಂದ ಮಗನಿಗೆ ಎಂದುಕೊಳ್ಳುತ್ತೇವೆ. ಲಕಡಿಕಾಪೂಲ್ ಬಳಿಯ ಕೆಫೆ ನಿಲೋಫರ್‌ನಲ್ಲಿ ಹಾಗಾಗಲಿಲ್ಲ. ಕೆಲಸಕ್ಕೆ ಸೇರಿದ ತೆಲುಗು ಹುಡುಗ, ಬಾಬುರಾವ್, ಹಂತಹಂತವಾಗಿ ಮಾಲೀಕರಾದರು. ಬೋರ್ಡಿನ ಮೇಲೆ ಇವತ್ತಿಗೂ ನಿಲೋಫರ್ ಎಂಬ ಫಾರ್ಸಿ ಹೂವಿನ ಹೆಸರೇ ಇದೆ.