ದೂರದ ಲೆಕ್ಕಕ್ಕಿಂತ ಮೊದಲು



ಆರ್ಕ್ಟಿಕ್ ಕಡಲಿನ ಮಾತು ಬಂದಾಗ ಎಲ್ಲರೂ ಮೊದಲು ಹೇಳುವುದು ದೂರದ ಲೆಕ್ಕ. ಯೊಕೊಹಾಮಾದಿಂದ ರಾಟರ್‌ಡ್ಯಾಮಿಗೆ ಸೂಯೆಜ್ ಕಾಲುವೆಯ ಮೂಲಕ ಸುಮಾರು 11,000 ನಾಟಿಕಲ್ ಮೈಲಿ. ರಷ್ಯದ ಉತ್ತರ ಕರಾವಳಿಗುಂಟ ಹೋದರೆ 7,000ದ ಆಸುಪಾಸು. ಲೆಕ್ಕ ಸರಿಯೇ. ಆದರೆ ದೂರ ತಗ್ಗಿದಷ್ಟೂ ಇಂಧನ ಉಳಿಯುತ್ತದೆ ಎಂಬ ತೀರ್ಮಾನವನ್ನು ನಾನು ಒಪ್ಪಲಾರೆ. ಇಂದಿನ ಚರ್ಚೆ ಎಂಜಿನ್ ಕೋಣೆಯಿಂದಲೇ ಶುರುವಾಗಲಿ ಎಂಬುದು ನನ್ನ ಆಶಯ.

ಎಂಜಿನ್ ಎದುರಿಸಬೇಕಾದ ಮಂಜನ್ನೇ ಮೊದಲು ನೋಡೋಣ. ಆರ್ಕ್ಟಿಕ್ ಕಡಲಿನ ಮಂಜನ್ನು ಉಪಗ್ರಹಗಳು ನಿರಂತರವಾಗಿ ಅಳೆಯತೊಡಗಿದ 1979ರಲ್ಲಿ, ಬೇಸಿಗೆಯ ಕೊನೆಗೆ ಉಳಿದ ಮಂಜಿನ ಹರವು ಸುಮಾರು 70 ಲಕ್ಷ ಚದರ ಕಿಲೋಮೀಟರ್. 2012ರಲ್ಲಿ ಅದು 34 ಲಕ್ಷಕ್ಕೆ ಇಳಿಯಿತು. ವರ್ಷಗಟ್ಟಲೆ ಬಲಿತ ದಪ್ಪ ಮಂಜು ಕಡಿಮೆಯಾಗಿ ಎಳೆಯ, ತೆಳು ಮಂಜು ಹೆಚ್ಚಿದೆ. ಅದು ಗಾಳಿಗೆ ಬೇಗ ಸರಿಯುತ್ತದೆ. ಬೆಳಿಗ್ಗೆ ತೆರೆದಿದ್ದ ದಾರಿ ಸಂಜೆಗೆ ಮುಚ್ಚೀತು. 2021ರ ನವೆಂಬರಿನಲ್ಲಿ ಈ ದಾರಿಯ ಕಡಲು ನಿರೀಕ್ಷೆಗಿಂತ ಮೊದಲೇ ಹೆಪ್ಪುಗಟ್ಟಿ 20ರಷ್ಟು ಹಡಗುಗಳು ಸಿಕ್ಕಿಬಿದ್ದವು.

ಇಂಥಲ್ಲಿ ಪ್ರೊಪೆಲ್ಲರಿನ ಪಾಡು ನೋಡಿ. ಮಂಜುಗಡ್ಡೆ ಅಲಗಿಗೆ ಸಿಕ್ಕಿದೊಡನೆ ಟಾರ್ಕ್ ಏಕಾಏಕಿ ಏರುತ್ತದೆ, ಶಾಫ್ಟ್ ಅದುರುತ್ತದೆ. ಅದಕ್ಕೆ ನೇರವಾಗಿ ಜೋಡಿಸಿದ ಡೀಸೆಲ್ ಎಂಜಿನ್ ನಿಂತೇ ಹೋಗಬಹುದು. ವಿದ್ಯುತ್ ಮೋಟಾರಾದರೆ ಕಡಿಮೆ ವೇಗದಲ್ಲೂ ಪೂರ್ಣ ಟಾರ್ಕ್ ಕೊಡಬಲ್ಲದು. ಅದಕ್ಕೇ ಫಿನ್ಲೆಂಡಿನವರು ಮೋಟಾರನ್ನು ಹಡಗಿನ ಹೊರಗೆ, ಸುತ್ತಲೂ ತಿರುಗಬಲ್ಲ ಪಾಡ್‌ನಲ್ಲಿ ಕೂರಿಸಿದರು. ಅಂಥ ಹಡಗು ಬಯಲು ನೀರಿನಲ್ಲಿ ಮುಂದಕ್ಕೆ ಓಡುತ್ತದೆ, ಗಟ್ಟಿ ಮಂಜಿನಲ್ಲಿ ಹಿಂಭಾಗವನ್ನೇ ಮುಂದು ಮಾಡಿಕೊಂಡು ಸಾಗುತ್ತದೆ. ಪ್ರೊಪೆಲ್ಲರುಗಳೇ ಮಂಜನ್ನು ಅರೆದು, ನೀರನ್ನು ಒಡಲಿನುದ್ದಕ್ಕೂ ನುಗ್ಗಿಸಿ ಘರ್ಷಣೆ ತಗ್ಗಿಸುತ್ತವೆ. 2017ರಲ್ಲಿ ಐಸ್‌ಬ್ರೇಕರ್ ಬೆಂಗಾವಲಿಲ್ಲದೆ ರಷ್ಯದ ಈ ಉತ್ತರದ ದಾರಿ ದಾಟಿದ, ದ್ರವೀಕೃತ ನೈಸರ್ಗಿಕ ಅನಿಲ (ಎಲ್‌ಎನ್‌ಜಿ) ಸಾಗಿಸುವ ಹಡಗು ‘ಕ್ರಿಸ್ಟೋಫ್ ದ ಮಾರ್ಜರಿ’ಗೆ ಇಂಥ ಮೂರು ಪಾಡ್‌ಗಳಿವೆ, ಒಟ್ಟು 45 ಮೆಗಾವಾಟ್. ಬೆರಗಿನ ಕೆಲಸ ಅದು, ನಿಜ. ಆದರೆ ಮಂಜಿಗೆಂದೇ ಸೇರಿಸಿದ ಭಾರದ ಉಕ್ಕನ್ನೂ ಶಕ್ತಿಯನ್ನೂ ಮಂಜಿಲ್ಲದ ಕಡಲಿನಲ್ಲೂ ಹೊತ್ತೇ ತಿರುಗಬೇಕು. ದೂರದಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಖರ್ಚಾಗುತ್ತದೆ.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಚಿಮಣಿಯ ಮಸಿ. ಬಿಳಿ ಮಂಜಿನ ಮೇಲೆ ಕೂತ ಮಸಿ ಬಿಸಿಲನ್ನು ಹೀರಿ ಕರಗುವಿಕೆಯನ್ನು ಚುರುಕುಗೊಳಿಸುತ್ತದೆ. ದಾರಿ ತೆರೆದಷ್ಟೂ ಹಡಗು, ಹಡಗು ಬಂದಷ್ಟೂ ಮಸಿ. ಮಸಿ ಉಗುಳುವ ಹೆವಿ ಫ್ಯೂಯೆಲ್ ಆಯಿಲ್‌ಗೆ ಆರ್ಕ್ಟಿಕ್‌ನಲ್ಲಿ 2024ರ ಜುಲೈ 1ರಿಂದ ನಿಷೇಧವಿದೆಯಾದರೂ ಕೆಲವು ಹಡಗುಗಳಿಗೆ 2029ರವರೆಗೆ ವಿನಾಯಿತಿ ಉಂಟು. ಈ ವಿನಾಯಿತಿ ತಪ್ಪು ಎಂದೇ ನನ್ನ ನಿಲುವು. ಎಲ್‌ಎನ್‌ಜಿ ಉರಿಸಿದರೆ ಮಸಿ ಬಹಳ ಕಡಿಮೆ, ಆದರೆ ಉರಿಯದೆ ನುಸುಳುವ ಮೀಥೇನ್ ಕೂಡ ವಾತಾವರಣವನ್ನು ಬಿಸಿ ಮಾಡುತ್ತದೆ. ಇವೆರಡನ್ನೂ ತಪ್ಪಿಸಲು ಬ್ಯಾಟರಿಯತ್ತ ತಿರುಗೋಣ ಎಂದರೆ, ಅದಕ್ಕೆ ಚಳಿಯೇ ಶತ್ರು.

ಹಾಗಾಗಿ ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಒಂದು ಟನ್ ಸರಕಿಗೆ ಇಡೀ ವರ್ಷದಲ್ಲಿ, ಮಂಜಿನಲ್ಲೂ ಬಯಲು ನೀರಿನಲ್ಲೂ ಸೇರಿ, ಎಷ್ಟು ಇಂಧನ ಉರಿಯಿತು, ಎಷ್ಟು ಮಸಿ ಬಿತ್ತು, ಎಷ್ಟು ಮೀಥೇನ್ ಸೋರಿತು ಎಂಬುದನ್ನು ನಿಮ್ಮ ಕೋಷ್ಟಕಗಳಲ್ಲಿ ಮೈಲಿಗಳ ಪಕ್ಕದಲ್ಲೇ ಬರೆಯಿರಿ.