ಗೊತ್ತಿಲ್ಲದೆ ನುಂಗಿದ ಗುಳಿಗೆ

ಉದ್ದೀಪನ ಮದ್ದು ಎಂದೊಡನೆ ಎಲ್ಲರಿಗೂ ಮೊದಲು ನೆನಪಾಗುವುದು ಕೆನಡಾದ ಬೆನ್ ಜಾನ್ಸನ್. ಆತನ ವಿಷಯ ಸ್ವಲ್ಪ ತಡೆದು ಬರಲಿ. ಈ ಮಾತು ಆರಂಭವಾಗಬೇಕಾದದ್ದು ನಮ್ಮವರೇ ಓಡಿ ಗೆದ್ದ ಒಂದು ಓಟದಿಂದ.

2010ರ ಅಕ್ಟೋಬರ್ 12ರಂದು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಮಹಿಳೆಯರ 4x400 ಮೀಟರ್ ರಿಲೇ ಓಟ ನಡೆಯಿತು. ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ ಅಕ್ಕುಂಜಿ, ಮನ್‌ದೀಪ್ ಕೌರ್ ಇದ್ದ ತಂಡ 3 ನಿಮಿಷ 27.77 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ನೈಜೀರಿಯಾ, ಇಂಗ್ಲೆಂಡ್ ತಂಡಗಳನ್ನು ಹಿಂದಿಕ್ಕಿತು. ಅಶ್ವಿನಿ ಉಡುಪಿ ಜಿಲ್ಲೆಯ ಸಿದ್ದಾಪುರದ ಕಡೆಯ ಜನ್ಸಾಲೆಯವರು. ಮುಂದಿನ ತಿಂಗಳು ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಆಕೆ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ ಗೆದ್ದರು. ಕರಾವಳಿಯ ಹಳ್ಳಿಯೊಂದರ ಹೆಸರು ದಿನಪತ್ರಿಕೆಗಳ ಮುಖಪುಟಕ್ಕೆ ಬಂತು.

ಎಂಟು ತಿಂಗಳು ಕಳೆಯುವುದರೊಳಗೆ ಅದೇ ಹೆಸರುಗಳು ಬೇರೆ ಕಾರಣಕ್ಕೆ ಮುಖಪುಟ ಸೇರಿದವು. 2011ರ ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ ಒಬ್ಬರ ನಂತರ ಒಬ್ಬರಂತೆ ಆರು ಓಟಗಾರ್ತಿಯರ ಮೂತ್ರದ ಮಾದರಿಯಲ್ಲಿ ಅನಬಾಲಿಕ್ ಸ್ಟೀರಾಯ್ಡ್ ಪತ್ತೆಯಾಯಿತು. ದೆಹಲಿಯಲ್ಲಿ ಚಿನ್ನ ಗೆದ್ದ ನಾಲ್ವರಲ್ಲಿ ಮೂವರು, ಎಂದರೆ ಸಿನಿ, ಅಶ್ವಿನಿ ಮತ್ತು ಮನ್‌ದೀಪ್, ಆ ಪಟ್ಟಿಯಲ್ಲಿದ್ದರು. ತಂಡದ ತರಬೇತುದಾರ ಉಕ್ರೇನಿನ ಯೂರಿ ಒಗೊರೊದ್ನಿಕ್ ಅವರನ್ನು ಕೇಂದ್ರ ಸರ್ಕಾರ ಕೂಡಲೇ ಕೆಲಸದಿಂದ ತೆಗೆಯಿತು. 2010ರ ಪದಕಗಳಿಗೆ ಮಾತ್ರ ಏನೂ ಆಗಲಿಲ್ಲ. ಆಗಿನ ಪರೀಕ್ಷೆಗಳಲ್ಲಿ ಅವರು ತೇರ್ಗಡೆಯಾಗಿದ್ದರು. ಇದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಈಗಲೂ ಅನೇಕರು ಆ ಪದಕಗಳು ಹೋದವೆಂದೇ ತಿಳಿದಿದ್ದಾರೆ.

ಓಟಗಾರ್ತಿಯರು ಮುಂದಿಟ್ಟ ವಿವರಣೆ ಸರಳವಾಗಿತ್ತು. ತರಬೇತುದಾರರು ಚೀನಾದಿಂದ ತಂದ ಜಿನ್ಸೆಂಗ್ ಗುಳಿಗೆಗಳನ್ನು ಕೊಟ್ಟರು, ತಾವು ನುಂಗಿದೆವು, ಸ್ಟೀರಾಯ್ಡ್ ಅದರಲ್ಲೇ ಬೆರೆತಿತ್ತು ಎಂಬುದು ಅವರ ವಾದ. ಜಿನ್ಸೆಂಗ್ ಎಂಬುದು ಚೀನಾ, ಕೊರಿಯಾಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವ ಒಂದು ಬೇರು. ನಮ್ಮ ಕಡೆ ಅಶ್ವಗಂಧವನ್ನು ಪುಷ್ಟಿಗೆಂದು ತಿನ್ನುವ ಹಾಗೆ ಅಲ್ಲಿ ಅದನ್ನು ತಿನ್ನುತ್ತಾರೆ. ನಿಷೇಧಿತ ಪಟ್ಟಿಯಲ್ಲಿ ಅದರ ಹೆಸರಿಲ್ಲ. ತಾನು ನಿಷೇಧಿತ ಮದ್ದು ಕೊಟ್ಟಿಲ್ಲವೆಂದು ತರಬೇತುದಾರರೂ ಹೇಳಿದರು.

ಹಾಗಾದರೆ ಇವರು ತಪ್ಪಿತಸ್ಥರೇ? ಸಾಮಾನ್ಯ ನ್ಯಾಯಾಲಯದಲ್ಲಾದರೆ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿತ್ತೆಂದು ಸರ್ಕಾರಿ ವಕೀಲರು ಸಾಬೀತು ಮಾಡಬೇಕು. ಅನುಮಾನದ ಲಾಭ ಆರೋಪಿಗೆ. ಕ್ರೀಡೆಯ ಕಾನೂನು ಈ ಸಂಪ್ರದಾಯವನ್ನು ತಲೆಕೆಳಗು ಮಾಡಿದೆ. ದೇಹದೊಳಗೆ ನಿಷೇಧಿತ ವಸ್ತು ಸಿಕ್ಕಿತೆಂದರೆ ಉಲ್ಲಂಘನೆ ಆಗಿಹೋಯಿತು. ಅದು ಹೇಗೆ ಬಂತು, ಗೊತ್ತಿತ್ತೋ ಇಲ್ಲವೋ, ಯಾರು ಕೊಟ್ಟರು ಎಂಬುದು ಆ ಹಂತದಲ್ಲಿ ಲೆಕ್ಕಕ್ಕೆ ಬಾರದು. ತನ್ನ ದೇಹದೊಳಗೆ ಹೋಗುವ ಪ್ರತಿಯೊಂದಕ್ಕೂ ಕ್ರೀಡಾಪಟುವೇ ಹೊಣೆ. ಕಾನೂನು ಬಲ್ಲವರು ಇದನ್ನು ಕಟ್ಟುನಿಟ್ಟಿನ ಹೊಣೆಗಾರಿಕೆ ಎನ್ನುತ್ತಾರೆ.

ಇಷ್ಟು ಕಠಿಣವಾದ ನಿಯಮ ಯಾಕೆ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ಓಟದ ನಡುವೆ ಆತನ ಸಹಾಯಕರು ಸ್ಟ್ರಿಕ್ನಿನ್ ಎಂಬ ವಿಷವನ್ನು ಮೊಟ್ಟೆಯ ಬಿಳಿ ಲೋಳೆಯಲ್ಲಿ ಬೆರೆಸಿ ಕುಡಿಸಿದರು, ಬ್ರಾಂದಿಯನ್ನೂ ಕೊಟ್ಟರು. ಆಗ ಅದನ್ನು ಮೋಸವೆಂದು ಯಾರೂ ಕರೆಯಲಿಲ್ಲ. ಅಂತಾರಾಷ್ಟ್ರೀಯ ಅಮೆಚೂರ್ ಅಥ್ಲೆಟಿಕ್ ಫೆಡರೇಷನ್ ಉದ್ದೀಪನ ಮದ್ದನ್ನು ನಿಷೇಧಿಸಿದ್ದು 1928ರಲ್ಲಿ. ಪರೀಕ್ಷೆಯೇ ಇಲ್ಲದ ಕಾಲದಲ್ಲಿ ನಿಷೇಧ ಕಾಗದದ ಮೇಲೆ ಉಳಿಯಿತು. 1967ರಲ್ಲಿ ಬ್ರಿಟಿಷ್ ಸೈಕಲ್ ಸ್ಪರ್ಧಿ ಟಾಮ್ ಸಿಂಪ್ಸನ್ ಫ್ರಾನ್ಸಿನ ಮೋಂ ವಾಂಟೂ ಬೆಟ್ಟದ ಏರಿನಲ್ಲಿ ಕುಸಿದು ಸತ್ತಾಗ ದೇಹದಲ್ಲಿ ಆಂಫೆಟಮೈನ್ ಇತ್ತು. ಮರುವರ್ಷ, 1968ರಲ್ಲಿ, ಒಲಿಂಪಿಕ್ಸ್‌ನಲ್ಲಿ ಪರೀಕ್ಷೆ ಆರಂಭವಾಯಿತು. ಮೊದಲು ಸಿಕ್ಕಿಬಿದ್ದವನು ಮೆಕ್ಸಿಕೋ ಕೂಟದಲ್ಲಿ ಸ್ವೀಡನ್ನಿನ ಪೆಂಟಾಥ್ಲಾನ್ ಸ್ಪರ್ಧಿ ಹಾನ್ಸ್ ಗುನ್ನಾರ್ ಲಿಲ್ಯೆನ್‌ವಾಲ್. ಪಿಸ್ತೂಲು ಹಿಡಿಯುವ ಕೈ ನಡುಗದಿರಲೆಂದು ಬಿಯರ್ ಕುಡಿದದ್ದು ಆತನ ಅಪರಾಧ. ತಂಡದ ಕಂಚಿನ ಪದಕ ಹೋಯಿತು.

ಸ್ಟೀರಾಯ್ಡ್ ಪರೀಕ್ಷೆ ಬಂದದ್ದು 1976ರ ಮಾಂಟ್ರಿಯಲ್‌ನಲ್ಲಿ. ಅಷ್ಟು ಹೊತ್ತಿಗೆ ಪೂರ್ವ ಜರ್ಮನಿ ಬಹಳ ದೂರ ಹೋಗಿತ್ತು. 1974ರಿಂದ ಅಲ್ಲಿ 14.25 ಎಂಬ ಸಂಖ್ಯೆಯ ಗುಪ್ತ ಸರ್ಕಾರಿ ಯೋಜನೆಯಿತ್ತು. ಹದಿಹರೆಯದ ಹುಡುಗಿಯರಿಗೆ ನೀಲಿ ಗುಳಿಗೆ ಕೊಟ್ಟು ‘ವಿಟಮಿನ್, ನುಂಗು’ ಎನ್ನುತ್ತಿದ್ದರು. ಅದು ಓರಲ್ ಟ್ಯೂರಿನಾಬಾಲ್ ಎಂಬ ಸ್ಟೀರಾಯ್ಡ್. ವಿದೇಶಕ್ಕೆ ಹೊರಡುವ ಮುನ್ನ ಕ್ರೈಷಾ ಎಂಬ ಊರಿನ ಪ್ರಯೋಗಾಲಯದಲ್ಲಿ ಎಲ್ಲರನ್ನೂ ಪರೀಕ್ಷಿಸಿ, ಮದ್ದಿನ ಅಂಶ ಉಳಿದವರನ್ನು ಮನೆಯಲ್ಲೇ ನಿಲ್ಲಿಸುತ್ತಿದ್ದರು. ಮದ್ದು ಹಿಡಿಯಬೇಕಾದ ಪ್ರಯೋಗಾಲಯವೇ ಮದ್ದನ್ನು ಬಚ್ಚಿಡುವ ಕೆಲಸ ಮಾಡಿತು ಅನ್ನಿ. 1986ರಲ್ಲಿ ಯುರೋಪಿನ ಶಾಟ್‌ಪುಟ್ ಚಾಂಪಿಯನ್ ಆದ ಹೈಡಿ ಕ್ರೀಗರ್ ಹದಿನಾರರ ವಯಸ್ಸಿನಿಂದ ಈ ಗುಳಿಗೆ ನುಂಗಿದ್ದರು. ಮುಂದೆ ಲಿಂಗ ಬದಲಾವಣೆ ಮಾಡಿಸಿಕೊಂಡು ಆಂಡ್ರಿಯಾಸ್ ಕ್ರೀಗರ್ ಆದ ಅವರು, ತನ್ನ ಬಾಳಿನ ಆ ನಿರ್ಧಾರವನ್ನು ತನಗೆ ಬಿಡದೆ ಮದ್ದು ಕಸಿದುಕೊಂಡಿತೆಂದು ದೂರಿದರು. 2000ದಲ್ಲಿ ಬರ್ಲಿನ್ ನ್ಯಾಯಾಲಯ ಆ ದೇಶದ ಕ್ರೀಡಾ ಮುಖ್ಯಸ್ಥರಾಗಿದ್ದ ಮಾನ್‌ಫ್ರೆಡ್ ಎವಾಲ್ಡ್, ವೈದ್ಯ ಮಾನ್‌ಫ್ರೆಡ್ ಹೋಪ್ನರ್ ಇಬ್ಬರನ್ನೂ ದೋಷಿಗಳೆಂದಿತು. ಇಬ್ಬರೂ ಜೈಲಿಗೆ ಹೋಗಲಿಲ್ಲ. ಶಿಕ್ಷೆಯನ್ನು ಅಮಾನತಿನಲ್ಲಿಡಲಾಯಿತು.

ಇನ್ನು ಬೆನ್ ಜಾನ್ಸನ್. 1988ರ ಸೋಲ್‌ನಲ್ಲಿ ನೂರು ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿ ಮೂರೇ ದಿನಕ್ಕೆ ಚಿನ್ನ ಕಳೆದುಕೊಂಡ. ಸಿಕ್ಕಿದ್ದು ಸ್ಟಾನೊಜಲಾಲ್. ತನ್ನ ಪಾನೀಯಕ್ಕೆ ಯಾರೋ ಏನೋ ಬೆರೆಸಿರಬೇಕೆಂಬ ಮಾತು ಮೊದಲು ಕೇಳಿಬಂತು. ಮರುವರ್ಷ ಕೆನಡಾದ ನ್ಯಾಯಮೂರ್ತಿ ಚಾರ್ಲ್ಸ್ ಡುಬಿನ್ ಆಯೋಗದ ಮುಂದೆ ಪ್ರಮಾಣ ಮಾಡಿ ಆತ ಎಲ್ಲವನ್ನೂ ಒಪ್ಪಿಕೊಂಡ. 1987ರ ರೋಮ್ ವಿಶ್ವ ದಾಖಲೆಯೂ ಹೋಯಿತು.

ಕಟ್ಟುನಿಟ್ಟಿನ ನಿಯಮದ ಬೇರು ಇಲ್ಲಿದೆ. ‘ಗೊತ್ತಿರಲಿಲ್ಲ’ ಎಂಬ ಮಾತನ್ನು ಪೂರ್ವ ಜರ್ಮನಿಯ ಹುಡುಗಿಯೂ ಹೇಳಬಹುದು, ಜಾನ್ಸನ್ನನೂ ಹೇಳಬಹುದು. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಮೂತ್ರದ ಶೀಶೆಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಉದ್ದೇಶವನ್ನು ಸಾಬೀತು ಮಾಡಲೇಬೇಕೆಂದರೆ ಒಬ್ಬನನ್ನೂ ಹಿಡಿಯಲಾಗದು. ಪಕ್ಕದ ಲೇನಿನಲ್ಲಿ ಓಡುವವಳ ಪ್ರಶ್ನೆಯೂ ಇದೆ. ಎದುರಾಳಿ ಗೊತ್ತಿದ್ದು ನುಂಗಿದರೂ ಗೊತ್ತಿಲ್ಲದೆ ನುಂಗಿದರೂ ಆಕೆ ಸೋಲುವುದು ಅಷ್ಟೇ ಅಂತರದಿಂದ.

2000ದ ಸಿಡ್ನಿಯಲ್ಲಿ ಈ ತರ್ಕದ ತುದಿ ಕಾಣಿಸಿತು. ರುಮೇನಿಯಾದ ಹದಿನಾರು ವರ್ಷದ ಜಿಮ್ನಾಸ್ಟ್ ಆಂಡ್ರಿಯಾ ರಾಡುಕಾನ್‌ಗೆ ನೆಗಡಿಗೆಂದು ತಂಡದ ವೈದ್ಯರೇ ಮಾತ್ರೆ ಕೊಟ್ಟರು. ಅದರಲ್ಲಿ ಸೂಡೊಎಫೆಡ್ರಿನ್ ಇತ್ತು. ಆಲ್‌ರೌಂಡ್ ಚಿನ್ನ ಕಿತ್ತುಕೊಂಡರು. ಹುಡುಗಿಗೆ ನಿಷೇಧ ಹಾಕಲಿಲ್ಲ, ಬೇರೆ ಪದಕಗಳು ಉಳಿದವು, ವೈದ್ಯರಿಗೆ ಶಿಕ್ಷೆಯಾಯಿತು. ಆದರೂ ಆ ಚಿನ್ನ ಹಿಂದಿರುಗಲಿಲ್ಲ. ನಿಯಮ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳುತ್ತದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಫಲಿತಾಂಶ ನಿಲ್ಲುತ್ತದೆಯೇ ಎಂಬುದು ಒಂದು. ಇದಕ್ಕೆ ಉದ್ದೇಶ ಬೇಕಿಲ್ಲ. ಎಷ್ಟು ಕಾಲ ಹೊರಗಿಡಬೇಕು ಎಂಬುದು ಇನ್ನೊಂದು. ಇಲ್ಲಿ ಮಾತ್ರ ತಪ್ಪಿನ ಪ್ರಮಾಣವನ್ನು ತೂಗುತ್ತಾರೆ. ತೂಕದ ಕಲ್ಲನ್ನು ತರಬೇಕಾದವರು ಕ್ರೀಡಾಪಟುಗಳೇ. ಮದ್ದು ಹೇಗೆ ಒಳಗೆ ಹೋಯಿತೆಂದು ಅವರೇ ತೋರಿಸಿಕೊಡಬೇಕು.

ನಮ್ಮ ಓಟಗಾರ್ತಿಯರ ಪ್ರಕರಣ ನಿಂತದ್ದು ಈ ಎರಡನೆಯ ಪ್ರಶ್ನೆಯ ಮೇಲೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ‘ವಾಡಾ’ 1999ರಲ್ಲಿ ಹುಟ್ಟಿತು. ಅದರ ಸಂಹಿತೆಯ ಪ್ರಕಾರ ಅಂದು ಮೊದಲ ತಪ್ಪಿಗೆ ಎರಡು ವರ್ಷ ನಿಷೇಧ. ಗಣನೀಯ ತಪ್ಪಿಲ್ಲವೆಂದು ತೋರಿಸಿದರೆ ಅರ್ಧದವರೆಗೆ ಇಳಿಸಬಹುದು. ರಾಷ್ಟ್ರೀಯ ಸಂಸ್ಥೆಯಾದ ‘ನಾಡಾ’ದ ಶಿಸ್ತು ಸಮಿತಿ 2011ರ ಡಿಸೆಂಬರಿನಲ್ಲಿ ಇವರ ಮಾತಿಗೆ ಕಿವಿಗೊಟ್ಟು ಒಂದು ವರ್ಷ ವಿಧಿಸಿತು. ಅಂತಾರಾಷ್ಟ್ರೀಯ ಫೆಡರೇಷನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಅದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಯ ಮೆಟ್ಟಿಲೇರಿತು. 2012ರ ಜುಲೈ ಕೊನೆಯಲ್ಲಿ, ಲಂಡನ್ ಒಲಿಂಪಿಕ್ಸ್ ನಡೆಯುತ್ತಿರುವಾಗಲೇ ತೀರ್ಪು ಬಂತು. ಆರೂ ಮಂದಿಗೆ ಎರಡು ವರ್ಷ.

ಸಂಹಿತೆಯ ವಿವರಣೆಯಲ್ಲೇ ಇದಕ್ಕೆ ಆಧಾರವಿದೆ. ಪುಷ್ಟಿ ಗುಳಿಗೆಗಳಲ್ಲಿ ಕಲಬೆರಕೆ ಇರಬಹುದೆಂದು ಕ್ರೀಡಾಪಟುಗಳಿಗೆ ಮೊದಲೇ ಎಚ್ಚರಿಕೆ ಕೊಟ್ಟಿದೆ. ತನ್ನ ವೈದ್ಯ, ತರಬೇತುದಾರರು ಕೊಟ್ಟರೆಂದರೂ ಹೊಣೆ ಕಳಚುವುದಿಲ್ಲ. ಸಾಲುಗಳನ್ನು ಓದಿದರೆ ನ್ಯಾಯವಾಗಿಯೇ ಕಾಣುತ್ತವೆ. ಅವನ್ನು ಬರೆದವರ ಕಣ್ಣ ಮುಂದಿದ್ದ ಕ್ರೀಡಾಪಟು ಮಾತ್ರ ಸ್ವಂತ ವೈದ್ಯ, ಸ್ವಂತ ವಕೀಲರುಳ್ಳ, ತರಬೇತುದಾರನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ವ್ಯಕ್ತಿ. ನಮ್ಮ ರಾಷ್ಟ್ರೀಯ ಶಿಬಿರಗಳಲ್ಲಿ ತರಬೇತುದಾರನನ್ನು ಆರಿಸುವುದು ಸರ್ಕಾರ ಮತ್ತು ಫೆಡರೇಷನ್. ಹಳ್ಳಿಯಿಂದ ಕ್ರೀಡಾ ಹಾಸ್ಟೆಲ್‌ಗೆ, ಅಲ್ಲಿಂದ ಶಿಬಿರಕ್ಕೆ ಹೋದ ಹುಡುಗಿಗೆ ಕೋಚ್ ಹೇಳಿದ್ದೇ ವೇದವಾಕ್ಯ. ‘ಸರ್, ಈ ಗುಳಿಗೆಯಲ್ಲಿ ಏನಿದೆ?’ ಎಂದು ಕೇಳುವ ಧೈರ್ಯವನ್ನು ನಮ್ಮ ಶಾಲೆಗಳಾಗಲಿ, ಶಿಬಿರಗಳಾಗಲಿ ಕಲಿಸಿಲ್ಲ. ಕೇಳದಿದ್ದುದಕ್ಕೆ ಎರಡು ವರ್ಷ ತೆತ್ತವರು ಓಟಗಾರ್ತಿಯರು. ಕೇಳುವುದನ್ನು ಕಲಿಸದ ವ್ಯವಸ್ಥೆ ಏನನ್ನೂ ತೆರಲಿಲ್ಲ.

ಪರೀಕ್ಷೆಯ ಕ್ರಮವನ್ನೂ ಎರಡು ಮಾತಿನಲ್ಲಿ ತಿಳಿಸಬೇಕು. ಮೂತ್ರ ಕೊಡುವಾಗ ಅಧಿಕಾರಿಯೊಬ್ಬರು ಎದುರಿಗೇ ನಿಂತಿರುತ್ತಾರೆ. ಮುಜುಗರದ ವಿಷಯವೇ, ಆದರೆ ಬೇರೆಯವರ ಮೂತ್ರ ತಂದವರ ಕಥೆಗಳು ಬೇಕಾದಷ್ಟಿವೆ. ಕನಿಷ್ಠ 90 ಮಿಲಿಲೀಟರ್ ಬೇಕು. ಅದನ್ನು ‘ಎ’ ಮತ್ತು ‘ಬಿ’ ಎಂಬ ಎರಡು ಶೀಶೆಗಳಿಗೆ ಹಂಚಿ ಮುದ್ರೆ ಹಾಕುತ್ತಾರೆ. ಪ್ರಯೋಗಾಲಯಕ್ಕೆ ಹೋಗುವುದು ಸಂಖ್ಯೆ ಮಾತ್ರ, ಹೆಸರಲ್ಲ. ‘ಎ’ಯಲ್ಲಿ ಮದ್ದು ಸಿಕ್ಕರೆ ‘ಬಿ’ಯನ್ನು ತಮ್ಮ ಎದುರಿನಲ್ಲಿ ತೆರೆಯಿರೆಂದು ಕೇಳುವ ಹಕ್ಕು ಕ್ರೀಡಾಪಟುವಿಗಿದೆ.

ಮೂತ್ರದಲ್ಲಿ ಏನೂ ಸಿಗದಿದ್ದರೂ ತಪ್ಪಿತಸ್ಥರಾಗಬಹುದು. 2021ರಿಂದ ಜಾರಿಯಲ್ಲಿರುವ ಸಂಹಿತೆಯಲ್ಲಿ ಹನ್ನೊಂದು ಬಗೆಯ ಉಲ್ಲಂಘನೆಗಳಿವೆ. ಮಾದರಿ ಕೊಡಲು ನಿರಾಕರಿಸುವುದು, ಮದ್ದು ಇಟ್ಟುಕೊಳ್ಳುವುದು, ಮಾರುವುದು, ಇನ್ನೊಬ್ಬರಿಗೆ ಕೊಡುವುದು, ದೂರು ಕೊಟ್ಟವರನ್ನು ಬೆದರಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ದೊಡ್ಡ ಅಥ್ಲೀಟ್‌ಗಳು ಪ್ರತಿದಿನ ಒಂದು ಗಂಟೆ ಎಲ್ಲಿರುತ್ತೇವೆಂದು ಮುಂಚಿತವಾಗಿ ತಿಳಿಸಬೇಕು. ಹನ್ನೆರಡು ತಿಂಗಳಲ್ಲಿ ಮೂರು ಬಾರಿ ತಪ್ಪಿದರೆ ಅದೂ ಉಲ್ಲಂಘನೆ. ಸ್ಟೀರಾಯ್ಡ್‌ನಂಥ ವಸ್ತುಗಳಿಗೆ ಸಾಮಾನ್ಯ ಶಿಕ್ಷೆ ಈಗ ನಾಲ್ಕು ವರ್ಷ. ಓಟಗಾರ್ತಿಯ ಬಾಳಿನಲ್ಲಿ ಅದು ಒಂದು ಒಲಿಂಪಿಕ್ಸ್‌ನಿಂದ ಇನ್ನೊಂದು ಒಲಿಂಪಿಕ್ಸ್‌ವರೆಗಿನ ಕಾಲ. ಮದ್ದು ಕೊಟ್ಟ ತರಬೇತುದಾರನಿಗೆ ಜೀವಾವಧಿ ನಿಷೇಧವನ್ನೂ ಹಾಕಬಹುದು.

ರಿಲೇಯ ವಿಷಯದಲ್ಲಿ ನಿಯಮ ಇನ್ನೂ ನಿಷ್ಠುರ. ಒಬ್ಬರು ಸಿಕ್ಕಿಬಿದ್ದರೆ ನಾಲ್ವರ ಪದಕವೂ ಹೋಗುತ್ತದೆ. 2008ರ ಬೀಜಿಂಗ್‌ನಲ್ಲಿ ಜಮೈಕಾ ಗೆದ್ದ ರಿಲೇ ಚಿನ್ನವನ್ನು ಉಸೇನ್ ಬೋಲ್ಟ್ 2017ರಲ್ಲಿ ಹಿಂದಿರುಗಿಸಬೇಕಾಯಿತು. ಜೊತೆಗಾರ ನೆಸ್ಟಾ ಕಾರ್ಟರ್‌ನ ಹಳೆಯ ಮಾದರಿಯನ್ನು ಮರುಪರೀಕ್ಷೆ ಮಾಡಿದಾಗ ಮೀಥೈಲ್‌ಹೆಕ್ಸಾನಮೈನ್ ಸಿಕ್ಕಿತ್ತು. ಈ ನಿಯಮದಿಂದ ಭಾರತಕ್ಕೆ ಲಾಭವೂ ಆಗಿದೆ. 2018ರ ಜಕಾರ್ತ ಏಷ್ಯನ್ ಕೂಟದ ಮಿಶ್ರ ರಿಲೇಯಲ್ಲಿ ಬೆಳ್ಳಿ ಪಡೆದ ನಮ್ಮ ತಂಡಕ್ಕೆ 2020ರಲ್ಲಿ ಚಿನ್ನ ಬಂತು. ಬಹ್ರೇನ್ ತಂಡದ ಒಬ್ಬ ಓಟಗಾರ್ತಿ ಪರೀಕ್ಷೆಯಲ್ಲಿ ಸೋತಿದ್ದರು. ಆ ಭಾರತ ತಂಡದಲ್ಲಿ ಮಂಗಳೂರಿನ ಎಂ.ಆರ್. ಪೂವಮ್ಮ ಇದ್ದರು. 2021ರಲ್ಲಿ ಸ್ವತಃ ಪೂವಮ್ಮ ಅವರ ಮಾದರಿಯಲ್ಲಿ ಅದೇ ಮೀಥೈಲ್‌ಹೆಕ್ಸಾನಮೈನ್ ಕಂಡಿತು. ಶಿಸ್ತು ಸಮಿತಿ ಮೂರು ತಿಂಗಳೆಂದಿತು. ಮೇಲ್ಮನವಿ ಸಮಿತಿ 2022ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಹತ್ತು ವರ್ಷಗಳ ಹಿಂದಿನ ತೀರ್ಪಿನ ದಾರಿಯೇ ಮತ್ತೆ.

2022ರಲ್ಲಿ ನಮ್ಮ ಸಂಸತ್ತು ಉದ್ದೀಪನ ಮದ್ದು ತಡೆ ಕಾಯ್ದೆಯನ್ನು ಅಂಗೀಕರಿಸಿತು. ‘ವಾಡಾ’ ಲೆಕ್ಕದಂತೆ 2023ರಲ್ಲಿ ‘ನಾಡಾ’ ಪರೀಕ್ಷಿಸಿದ 5606 ಮಾದರಿಗಳಲ್ಲಿ 213ರಲ್ಲಿ ಮದ್ದು ಪತ್ತೆಯಾಯಿತು. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಇದು ಹೆಚ್ಚಿನ ಪ್ರಮಾಣ. ಪರೀಕ್ಷೆ ಹೆಚ್ಚಾದ್ದರಿಂದ ಸಿಕ್ಕಿದವರೂ ಹೆಚ್ಚು ಎಂದು ಅಧಿಕಾರಿಗಳು ಸಮಾಧಾನ ಹೇಳಬಹುದು, ಆದರೆ ನೂರಕ್ಕೆ ಸುಮಾರು ನಾಲ್ಕು ಎಂಬ ಲೆಕ್ಕಕ್ಕೆ ಆ ಸಮಾಧಾನ ಸಾಲದು.

ಒಲಿಂಪಿಕ್ಸ್ ಮಾದರಿಗಳನ್ನು ಹತ್ತು ವರ್ಷ ಶೀತಲದಲ್ಲಿ ಕಾದಿಡುತ್ತಾರೆ. ಹಾಗಾಗಿ ಓಟ ಮುಗಿದ ದಿನದ ಫಲಿತಾಂಶ ಅಂದೇ ಅಂತಿಮವಲ್ಲ. ಕೆಲವೊಮ್ಮೆ ಮಾದರಿಯ ಶೀಶೆಯೂ ಬೇಕಾಗುವುದಿಲ್ಲ, ಪ್ರಯೋಗಾಲಯದ ಹಳೆಯ ದಾಖಲೆಗಳೇ ಸಾಕ್ಷಿಯಾಗುತ್ತವೆ. ಅಶ್ವಿನಿಯವರ ಸ್ಪರ್ಧೆಯಾದ 400 ಮೀಟರ್ ಹರ್ಡಲ್ಸ್‌ನಲ್ಲಿ 2012ರ ಲಂಡನ್ ಚಿನ್ನ ರಷ್ಯಾದ ನತಾಲ್ಯಾ ಅಂತ್ಯುಖ್‌ಗೆ ಸಿಕ್ಕಿತ್ತು. ಅಮೆರಿಕದ ಲಶಿಂಡಾ ಡೀಮಸ್ ಒಂದು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಹಿಂದೆ ಬಿದ್ದು ಬೆಳ್ಳಿ ಪಡೆದಿದ್ದರು. ಮಾಸ್ಕೋ ಪ್ರಯೋಗಾಲಯದ ಕಡತಗಳ ಆಧಾರದ ಮೇಲೆ ಹತ್ತು ವರ್ಷಗಳ ನಂತರ, 2022ರಲ್ಲಿ, ಅಂತ್ಯುಖ್‌ರ ಫಲಿತಾಂಶ ರದ್ದಾಯಿತು. ಡೀಮಸ್ ಕೊರಳಿಗೆ ಚಿನ್ನ ಬಿದ್ದದ್ದು 2024ರ ಆಗಸ್ಟ್ 9ರಂದು, ಪ್ಯಾರಿಸ್‌ನಲ್ಲಿ, ಐಫೆಲ್ ಗೋಪುರದ ಎದುರು. ಆಗ ಆಕೆಗೆ ನಲವತ್ತೊಂದು ವರ್ಷ. ಓಟ ಬಿಟ್ಟು ಬಹಳ ಕಾಲವಾಗಿತ್ತು.