ರೋಗಿಯ ಸಂದರ್ಶನ ಮತ್ತು ನಮ್ಮ ಹೊಣೆ



ರೋಗಿಯ ಸಂದರ್ಶನವನ್ನು ನಾವು ಪುಣ್ಯಕರ್ಮವೆಂದು ಬಗೆದವರು. ಮಿತ್ರನಿಗೆ ಕ್ಯಾನ್ಸರ್ ಎಂದು ತಿಳಿದೊಡನೆ ಗುಂಪುಗುಂಪಾಗಿ ಧಾವಿಸುತ್ತೇವೆ. ಆದರೆ ಕೀಮೋಥೆರಪಿಯು ರೋಗಕೋಶಗಳೊಂದಿಗೆ ರಕ್ತದ ಬಿಳಿಕಣಗಳನ್ನೂ ಕುಗ್ಗಿಸುತ್ತದೆ. ಸಾಮಾನ್ಯವಾಗಿ ಔಷಧ ನೀಡಿದ 7ರಿಂದ 14 ದಿನಗಳ ನಡುವೆ ಅವು ತೀರಾ ಕಡಿಮೆಯಾಗಿರುತ್ತವೆ. ಆಗ ನಮ್ಮ ಸಣ್ಣ ನೆಗಡಿಯೂ ಅವನ ಪ್ರಾಣಕ್ಕೆ ಎರವಾದೀತು. ಕೆಮ್ಮು, ನೆಗಡಿಯಿದ್ದವರು ದೂರವಾಣಿಯಲ್ಲೇ ವಿಚಾರಿಸಲಿ.

"ಏನಾದರೂ ಬೇಕಿದ್ದರೆ ಹೇಳು" ಎನ್ನುವುದು ಸುಲಭ. ಸ್ವಾಭಿಮಾನಿಯು ಬಾಯಿಬಿಟ್ಟು ಕೇಳಲಾರ. "ಮಂಗಳವಾರ ಆಸ್ಪತ್ರೆಗೆ ನಾನು ಜೊತೆಗೆ ಬರುತ್ತೇನೆ, ಮಕ್ಕಳನ್ನು ಶಾಲೆಯಿಂದ ನನ್ನಾಕೆ ಕರೆತರುತ್ತಾಳೆ" ಎನ್ನಿರಿ. ದೂರದ ಜಿಲ್ಲೆಗಳಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ಬಡವರಿಗೆ ಪ್ರಯಾಣ, ವಸತಿ, ತಪ್ಪಿಹೋದ ದಿನಗೂಲಿಗಳೂ ದೊಡ್ಡ ಹೊರೆ. ಅದರಲ್ಲಿ ಪಾಲು ಪಡೆಯೋಣ. ಸಂಗ್ರಹಿಸಿದ ಪ್ಲೇಟ್‌ಲೆಟ್‌ಗಳು ಸುಮಾರು 5 ದಿನ ಮಾತ್ರ ಉಳಿಯುವುದರಿಂದ ರಕ್ತದಾನಿಗಳ ಪಟ್ಟಿ ಮೊದಲೇ ಸಿದ್ಧವಿರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಕೊಂಡೊಯ್ಯಲು ಒಬ್ಬರು ವಾಹನದೊಂದಿಗೆ ಸನ್ನದ್ಧರಾಗಿರಲಿ.

ಕೊನೆಯದಾಗಿ, ಯಾರೋ ಹೇಳಿದ ಬೇರಿನ ಔಷಧ, ತೀರಿಹೋದವರ ಕಥೆ ಇವೆರಡನ್ನೂ ಅವನ ಹಾಸಿಗೆಯ ಬಳಿಗೆ ಒಯ್ಯದಿರೋಣ. ಅವನು ಮಾತನಾಡಲಿ, ನಾವು ಆಲಿಸೋಣ.